ಕೆಳಗಿಳಿದ ಗಂಟುಗಳು

ಶಟರ್ ಮೇಲೇಳಲಿಲ್ಲ. ಡಾಕ್ಟರ್ ಮುಖ್ತಾರ್ ಎರಡೂ ಕೈ ಹಾಕಿ ಎತ್ತಿದರು, ಭುಜ ಕೊಟ್ಟು ತಳ್ಳಿದರು, ಕೊನೆಗೆ ಹೊಳೆಯುವ ಬೂಟಿನಿಂದ ಒದ್ದರು. ಸರಪಳಿ ಗಾಲಿಯ ಹಲ್ಲಿನಿಂದ ಜಾರಿ ಮೇಲಿನ ಪೆಟ್ಟಿಗೆಯೊಳಗೆ ಎಲ್ಲೋ ಸಿಕ್ಕಿಕೊಂಡಿತ್ತು.

“ಬಿಡಿ ಡಾಕ್ಟ್ರೇ, ಕಾಲು ಮುರ್ಕೋತೀರ,” ಎಂದ ಅಚ್ಚು ಜೋಡಿಸುವ ಹಿಲ್ಮಿ, ಕುರ್ಚಿಯಿಂದ ಏಳುವ ತೊಂದರೆ ತೆಗೆದುಕೊಳ್ಳದೆ. “ನೀರು ಒಳಗೆ ಬರುತ್ತೆ ಅಂತ ಅದನ್ನ ಎಳೆದವರು ನೀವೇ. ಈಗ ನೀರೂ ಬರ್ತಿದೆ, ನಾವೂ ಇಲ್ಲೇ ಇದೀವಿ.”

“ನಿನ್ನ ಬಾಯಿಗೊಂದು ಶಟರ್ ಹಾಕಿಸ್ಬೇಕಿತ್ತು.”

“ಹಾಕ್ಸಿ. ಅದೂ ಹೀಗೇ ಕೆಟ್ಟು ನಿಲ್ಲುತ್ತೆ.”

ಹೊರಗೆ ಕಾಸಿಮ್, ಇಲ್ಲಿನವರು ಹೆಸರಿಟ್ಟು ಕರೆಯುವ ಚಳಿಗಾಲದ ಬಿರುಗಾಳಿಗಳಲ್ಲೊಂದು, ಅಲೆಕ್ಸಾಂಡ್ರಿಯಾವನ್ನು ಹಿಡಿದು ಜಾಡಿಸುತ್ತಿತ್ತು. ನಾವಿದ್ದದ್ದು ಅತ್ತಾರೀನ್ ಬೀದಿಯ ಹಳೆಯ ಮುದ್ರಣಾಲಯದ ನೆಲಮಾಳಿಗೆ. ಇರುವುದೊಂದೇ ಕಿಟಕಿ, ಅದೂ ಸೂರಿಗೆ ಅಂಟಿಕೊಂಡ, ಸರಳು ಹಾಕಿದ ಗವಾಕ್ಷಿ. ಮಾಮೂಲು ದಿನ ಅದರಲ್ಲಿ ದಾರಿಹೋಕರ ಕಾಲುಗಳು ಕಾಣುತ್ತವೆ. ಇವತ್ತು ಬರೀ ನೀರು ಕಾಣುತ್ತಿತ್ತು. ಕಾವಲುಗಾರ ಗಾಳಿ ಶುರುವಾದಾಗಲೇ ಮನೆಗೆ ಓಡಿದ್ದ, ಮೊಬೈಲಿಗೆ ಈ ಕೋಣೆಯಲ್ಲಿ ಸಿಗ್ನಲ್ ಎಂಬುದೇ ಇಲ್ಲ.

ಹೋದ ತಿಂಗಳು ಮಕ್ನಸಾ ಬಿರುಗಾಳಿ ಬಂದ ದಿನ, ಈ ಕೋಣೆಯ ಹಿಂಬಾಗಿಲಾಚೆ ಕಾಗದದ ಉಗ್ರಾಣಕ್ಕೆ ಇಳಿಯುವ ಮೆಟ್ಟಿಲ ಬುಡದಲ್ಲಿ ಪ್ರೊಫೆಸರ್ ವಗ್ದಿ ಲಬೀಬ್ ತಲೆಯೊಡೆದು ಸತ್ತಿದ್ದರು. ಅವರ ಪ್ರಮೇಯ ಕದ್ದು, ಸಿಕ್ಕಿಬಿದ್ದಾಗ ಅವರನ್ನೇ ತಳ್ಳಿದಳೆಂದು ಅವರ ಶಿಷ್ಯೆ, ನನ್ನ ತಂಗಿಯ ಮಗಳು ಸೌಸನ್, ಜೈಲಿನಲ್ಲಿದ್ದಾಳೆ.

ನಾಳೆ ಬೆಳಗ್ಗೆ ಅವಳ ಕೇಸು ಪ್ರಾಸಿಕ್ಯೂಟರರ ಮೇಜಿನಿಂದ ಕೋರ್ಟಿಗೆ ಹೋಗುತ್ತದೆ. ಒಮ್ಮೆ ಹೋಯಿತೆಂದರೆ ವರ್ಷಗಟ್ಟಲೆ ಹಿಂದಕ್ಕೆ ಬರುವುದಿಲ್ಲ. ಪೊಲೀಸ್ ಇಲಾಖೆಯ ಖೋಟಾ ದಾಖಲೆ ಪತ್ತೆ ವಿಭಾಗದಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವಳು ನಾನು, ದೌಲತ್. ಇದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಮೊನ್ನೆ ಜೈಲಿನ ಜಾಲರಿಯಾಚೆ ನಿಂತು ಆ ಹುಡುಗಿ, “ಖಾಲ್ತೊ, ದೊಡ್ಡಮ್ಮಾ, ನನ್ನ ಕನ್ನಡಕ ಒಡೆದುಹೋಯ್ತು,” ಎಂದಷ್ಟೇ ಹೇಳಿದ್ದಳು. ಬೇರೇನೂ ಕೇಳಲಿಲ್ಲ.

ಮುಖ್ತಾರ್ ಕೈಗೆ ಮೆತ್ತಿದ ಗ್ರೀಸನ್ನು ಕರವಸ್ತ್ರದಿಂದ ಒರೆಸಿಕೊಳ್ಳುತ್ತಿದ್ದರು. ಗಣಿತ ತ್ರೈಮಾಸಿಕದ ಸಂಪಾದಕರು. ರೇಷ್ಮೆ ಶಾಲು, ಬೆಳ್ಳಿ ಹಿಡಿಯ ಕೊಡೆ. ವಗ್ದಿಯವರ ಮೇಜಿನ ಡ್ರಾಯರಿನಲ್ಲಿ ‘ಹಳೆಯ ಕರಡು’ ಸಿಕ್ಕಿತೆಂದು ಪೊಲೀಸರ ಕೈಗಿಟ್ಟ ಪುಣ್ಯಾತ್ಮರೂ ಇವರೇ. ಸೌಸನಳ ಪ್ರಬಂಧದಲ್ಲಿ ಇರುವುದೆಲ್ಲ ಆ ಕರಡಿನಲ್ಲಿತ್ತು, ವಗ್ದಿಯವರ ಹೆಸರಿನಲ್ಲಿ, ಒಂದು ವರ್ಷದ ಹಿಂದಿನ ತಾರೀಖು ಹೊತ್ತುಕೊಂಡು.

ಹೊರಗೆ ಹೋಗಲು ದಾರಿಯಿಲ್ಲದ ಮನುಷ್ಯನ ಹತ್ತಿರ ಮಾತಾಡುವುದು ಸುಲಭ. ನಾನು ಚೀಲದಿಂದ ಹಾಳೆಗಳನ್ನು ತೆಗೆದು ಪ್ರೂಫ್ ನೋಡುವ ಮೇಜಿನ ಮೇಲೆ, ದೀಪದ ಕೆಳಗೆ ಹರಡಿದೆ.

“ಬನ್ನಿ ಡಾಕ್ಟ್ರೇ. ಹೇಗೂ ಎಲ್ಲೂ ಹೋಗೋ ಹಾಗಿಲ್ಲ. ನನಗೊಂದು ಪಾಠ ಹೇಳಿ.”

“ಗಣಿತ ಪಾಠವಾ, ಮದಾಮ್? ಈ ವಯಸ್ಸಿನಲ್ಲಿ?”

“ಗಣಿತ ಶಾಲೆಯಲ್ಲೇ ನನ್ನ ಶತ್ರು. ನಾನು ಕೇಳ್ತಿರೋದು ಕಣ್ಣಿನ ವಿಷಯ.”

ಅವರು ಬಂದು ನಿಂತರು. ನಾನು ಭೂತಗನ್ನಡಿಯನ್ನು ಕರಡಿನ ಒಂದು ಸಮೀಕರಣದ ಮೇಲಿಟ್ಟೆ. ಸಮೀಕರಣವೆಂದರೆ ಬರೀ ಅಕ್ಷರಗಳದ್ದಲ್ಲ. ಒಂದು ದಾರ ಇನ್ನೊಂದರ ಮೇಲೆ ಹಾದುಹೋಗುವ ಪುಟ್ಟ ಚಿತ್ರ, ಆಮೇಲೆ ಕಳೆಯುವ ಗುರುತು, ಅದೇ ದಾರ ಕೆಳಗಿನಿಂದ ಹಾದುಹೋಗುವ ಚಿತ್ರ, ಸಮ ಚಿಹ್ನೆ, ಕೊನೆಗೆ ಎರಡೂ ದಾರಗಳು ಮುಖ ತಿರುಗಿಸಿಕೊಂಡು ಬೇರೆ ಬೇರೆ ಹೋಗುವ ಚಿತ್ರ. ಗಂಟುಗಳ ಗಣಿತದಲ್ಲಿ ಚಿತ್ರಗಳೇ ಅಂಕಿಗಳಂತೆ ಸಾಲಿನಲ್ಲಿ ಕೂರುತ್ತವೆ. ಸೌಸನ್ ಊಟದ ಮೇಜಿನ ಮೇಲೆ ಶ್ಯಾವಿಗೆ ಎಳೆಗಳನ್ನಿಟ್ಟು ನನಗೆ ಇದನ್ನು ಹೇಳಿಕೊಟ್ಟಿದ್ದಳು, ನಾನು ಪಾಠ ಮುಗಿಯುವ ಮೊದಲೇ ತಿಂದುಬಿಟ್ಟಿದ್ದೆ.

“ಈ ಸಮ ಚಿಹ್ನೆ ನೋಡಿ. ಇದರ ನಡುವಿಂದ ಒಂದು ಗೆರೆ ಎಳೆದರೆ ಅದು ಚಿತ್ರದಲ್ಲಿ ಎಲ್ಲಿ ಹಾಯ್ಬೇಕು?”

“ದಾರಗಳು ದಾಟೋ ಜಾಗದಲ್ಲಿ.”

“ಇಲ್ಲಿ ಹಾಯ್ತಿದೆಯಾ?”

ಅವರು ಬಗ್ಗಿದರು. “ಇಲ್ಲ. ಚಿತ್ರ ಸ್ವಲ್ಪ ಕೆಳಗಿದೆ.”

“ಎಳ್ಳಿನಷ್ಟು ಕೆಳಗೆ. ಪುಟದ ಮೇಲೆ ಪುಟ, ಎಲ್ಲಾ ಕಡೆ ಅದೇ ಎಳ್ಳು. ಕಳೆಯುವ ಗುರುತು, ಸಮ ಚಿಹ್ನೆ ಇವೆಲ್ಲ ಅಕ್ಷರಗಳು ಕೂರೋ ಗೆರೆಗಿಂತ ಒಂಚೂರು ಮೇಲೆ ತೇಲ್ತವೆ. ಈ ಕರಡು ಮಾಡಿದವನು ಚಿತ್ರದ ಸೊಂಟವನ್ನ ತಂದು ಅಕ್ಷರದ ಗೆರೆಗೆ ಕೂರಿಸಿದ್ದಾನೆ. ಚಿತ್ರದ ಎತ್ತರದಲ್ಲಿ ಅರ್ಧ ಲೆಕ್ಕ ಹಾಕಿ, ಅಷ್ಟು ಕೆಳಗಿಳಿಸಿ, ಕೈ ತೊಳೆದುಕೊಂಡಿದ್ದಾನೆ.”

“ಭೇಷ್. ಮುಂದೆ?”

“ಇದು ವಗ್ದಿಯವರು ಇದೇ ತ್ರೈಮಾಸಿಕದಲ್ಲಿ ಅಚ್ಚು ಹಾಕಿಸಿದ ಹಳೇ ಪ್ರಬಂಧ.” ಇನ್ನೊಂದು ಹಾಳೆ ಮುಂದಿಟ್ಟೆ. “ಒಂದಾದರೂ ಚಿತ್ರ ಕೆಳಗಿಳಿದಿದೆಯಾ? ಇಲ್ಲ. ಇದು ಸೌಸನಳ ಪ್ರೂಫ್. ಇದರಲ್ಲೂ ಇಲ್ಲ.” ಕೊನೆಯ ಹಾಳೆಯನ್ನು ಬೇಕೆಂದೇ ನಿಧಾನವಾಗಿ ಬಿಚ್ಚಿದೆ. “ಇದು ಹೊರದೇಶದ ಪತ್ರಿಕೆಯಲ್ಲಿ ಬಂದಿದ್ದು. ಚಿತ್ರಗಳೆಲ್ಲ ಎಳ್ಳಿನಷ್ಟು ಕೆಳಗೆ. ಬರೆದವರ ಹೆಸರು ನೀವೇ ಓದಿ.”

ಹೆಸರು ಮುಖ್ತಾರ್ ಸಿರ್ಗಾನಿ. ಅವರು ಓದಲಿಲ್ಲ, ಓದುವ ಅಗತ್ಯವೂ ಇರಲಿಲ್ಲ.

“ಸತ್ತವರ ಕರಡಿನಲ್ಲಿ ನಿಮ್ಮ ಕೈಯಿದೆ, ಡಾಕ್ಟ್ರೇ.”

ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಇಷ್ಟು ವರ್ಷ ಖೋಟಾ ಸಹಿ ಮಾಡಿದವರ ಎದುರು ಕೂತು ಕೂತು, ಬಣ್ಣ ಇಳಿಯುವ ಕ್ಷಣ ಯಾವುದೆಂದು ನನಗೆ ಗೊತ್ತು.

ಬಣ್ಣ ಇಳಿಯಲಿಲ್ಲ. ಮುಖ್ತಾರ್ ನಕ್ಕುಬಿಟ್ಟರು. ಅದೂ ಹೊಟ್ಟೆ ಹಿಡಿದುಕೊಂಡು.

“ಹಿಲ್ಮಿ! ಇಲ್ಲಿ ಬಾರಪ್ಪಾ, ಮದಾಮ್ ನನ್ನನ್ನ ನೇಣಿಗೆ ಹಾಕ್ತಿದಾರೆ. ನೀನು ದಿನಾ ಮಾಡೋ ಕೆಲಸ ಏನು ಅಂತ ಇವರಿಗೆ ಹೇಳು.”

ಹಿಲ್ಮಿ ಚಹಾದ ಲೋಟ ಹಿಡಿದೇ ಬಂದ. ಅಕ್ಷರ ಜೋಡಿಸುವ ಕಾಲದಿಂದ ಕಂಪ್ಯೂಟರ್ ಕಾಲದವರೆಗೂ ಈ ಕೋಣೆಯಲ್ಲೇ ಸವೆದವನು. ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ಜಂಬ. ಹಾಳೆಗಳ ಮೇಲೆ ಒಮ್ಮೆ ಕಣ್ಣಾಡಿಸಿದ.

“ಎಲ್ಲರದೂ ಇಳಿದೇ ಇರುತ್ತೆ, ಹಾಗ್ಗಾ,” ಎಂದ. ಹಜ್ಜಿಗೆ ಹೋಗಿರಲಿ ಬಿಡಲಿ, ತಲೆ ನೆರೆತ ಹೆಂಗಸರೆಲ್ಲ ಅವನಿಗೆ ಹಾಗ್ಗಾ. “ಬೈರೂತಿನಿಂದ ಬರ್ಲಿ, ರಬಾತಿನಿಂದ ಬರ್ಲಿ. ಈ ಪ್ರೊಫೆಸರುಗಳೆಲ್ಲ ಎತ್ತರದ ಅರ್ಧ ಇಳಿಸಿ ಕಳಿಸ್ತಾರೆ. ಒಬ್ಬ ಮಾಡಿದ್ದನ್ನ ಇನ್ನೊಬ್ಬ ಕದೀತಾನೆ, ತಪ್ಪು ಸಮೇತ. ಇಲ್ಲಿಗೆ ಬಂದ ಮೇಲೆ ನಾನು ಒಂದೊಂದಾಗಿ ಎತ್ತಿ ಕೂರಿಸ್ತೀನಿ. ನನಗೆ ಯಾರೂ ಹೇಳಿಲ್ಲ, ಯಾರಿಗೂ ನಾನು ಹೇಳಲ್ಲ. ನೋಡಿದರೆ ಕಣ್ಣು ಉರಿಯುತ್ತೆ, ಎತ್ತುತೀನಿ, ಅಷ್ಟೇ.”

“ವಗ್ದಿಯವರದೂ?”

“ಅವರದೂ. ನಿಮ್ಮ ಹುಡುಗಿದೂ. ಇವರ ಆ ಪ್ರಬಂಧ ಹೊರದೇಶಕ್ಕೆ ಹೋಯ್ತು, ಅಲ್ಲಿ ಹಿಲ್ಮಿ ಇರಲಿಲ್ಲ.”

ಅವನು ಕಂಪ್ಯೂಟರ್ ತೆರೆದು ಹೊಸದಾಗಿ ಬಂದ ಪ್ರಬಂಧಗಳನ್ನು ತೋರಿಸಿದ. ಒಂದಾದ ಮೇಲೊಂದು. ಎಲ್ಲದರಲ್ಲೂ ಚಿತ್ರಗಳು ಮಂಡಿ ನೋವಿನವರಂತೆ ಸಾಲಿನಲ್ಲಿ ಕುಸಿದು ಕೂತಿದ್ದವು. ವಗ್ದಿಯವರೇ ಟೈಪು ಮಾಡಿ ಕಳಿಸಿದ್ದ ಒಂದು ಹಳೆಯ ಫೈಲನ್ನೂ ತೆರೆದ. ಅದೇ ಕುಸಿತ.

ನನ್ನ ಸುಳಿವು ನನ್ನ ಕಣ್ಣೆದುರೇ ಸತ್ತಿತು. ವಗ್ದಿಯವರ ಕರಡೆಂದು ಮುಖ್ತಾರ್ ಹೇಳಿದ್ದು ಈಗ ಇನ್ನಷ್ಟು ನಿಜದಂತೆ ಕಾಣುತ್ತಿತ್ತು, ಅದಕ್ಕೆ ದಾರಿ ಮಾಡಿಕೊಟ್ಟವಳೂ ನಾನೇ. ಬೆಳಗ್ಗೆ ಪ್ರಾಸಿಕ್ಯೂಟರರ ಗುಮಾಸ್ತನಿಗೆ ಫೋನು ಮಾಡಿ “ಖೋಟಾ ಅಂತ ಸಾಬೀತು ಮಾಡ್ತೀನಿ” ಎಂದು ಬೀಗಿದ್ದೆ. ನಾಚಿಕೆ ಆಮೇಲಿನ ಮಾತು, ಮೊದಲು ಭಯವಾಯಿತು. ನೀರು ಶಟರಿನ ಕೆಳಗಿನಿಂದ ನುಸುಳಿ ನನ್ನ ಚಪ್ಪಲಿ ಮುಟ್ಟಿತ್ತು. ಇಲ್ಲಿಂದ ಎದ್ದು ಹೋಗಿ ಬೇರೆ ಯಾರನ್ನಾದರೂ ಕೇಳೋಣವೆಂದರೆ, ಎದ್ದು ಹೋಗುವುದೆಲ್ಲಿಗೆ?

“ಚಹಾ ಕುಡೀರಿ, ಹಾಗ್ಗಾ,” ಎಂದ ಹಿಲ್ಮಿ. “ಮುಖ ಪೇಪರ್ ಥರ ಆಗಿದೆ.”

“ಮೊದಲೇ ಹೇಳೋಕೆ ಏನಾಗಿತ್ತು ನಿನಗೆ?”

“ನೀವು ಕೇಳಿದ್ದು ಡಾಕ್ಟ್ರನ್ನ. ದೊಡ್ಡೋರ ಮಾತಿನ ಮಧ್ಯೆ ನಾನ್ಯಾಕೆ ಬರ್ಲಿ?”

ಮುಖ್ತಾರ್ ಶಟರಿನ ಹತ್ತಿರ ಹೋಗಿ ಕೊಡೆಯ ಹಿಡಿಯಿಂದ ಸರಪಳಿಯನ್ನು ಕೆದಕತೊಡಗಿದರು. ಶಿಳ್ಳೆ ಬೇರೆ. ನಾನು ಹಟಕ್ಕೆ ಬಿದ್ದು ಕರಡಿನ ಪುಟಗಳನ್ನು ಮತ್ತೆ ಮೊದಲಿನಿಂದ ತಿರುವಿದೆ. ಇದುವರೆಗೆ ನಾನು ಕೆಳಗಿಳಿದ ಚಿತ್ರಗಳನ್ನಷ್ಟೇ ಹುಡುಕಿದ್ದೆ. ಇಳಿಯದೆ ಇರುವುದು ಎಲ್ಲಾದರೂ ಇದೆಯೇ ಎಂದು ನೋಡಿರಲಿಲ್ಲ. ಎಂಥ ದಡ್ಡಿ ನಾನು!

ಕೊನೆಯ ಪುಟಗಳಲ್ಲಿ ಒಂದು ಉದ್ದನೆಯ ಸಮೀಕರಣವಿತ್ತು. ಅದರಲ್ಲಿ ಮಾತ್ರ ಚಿತ್ರಗಳೆಲ್ಲ ನೆಟ್ಟಗೆ ನಿಂತಿದ್ದವು. ಸಮ ಚಿಹ್ನೆಯ ನಡುವಿನಿಂದ ಅಳತೆಪಟ್ಟಿ ಇಟ್ಟರೆ ಪ್ರತಿಯೊಂದರಲ್ಲೂ ದಾರ ದಾಟುವ ಜಾಗಕ್ಕೇ ಹಾಯುತ್ತಿತ್ತು. ಭೂತಗನ್ನಡಿಯನ್ನು ಕೆಳಗಿಟ್ಟು, ಮತ್ತೆ ಎತ್ತಿ ನೋಡಿದೆ.

“ಉಸ್ತಾ ಹಿಲ್ಮಿ,” ಎಂದೆ, ನುರಿತ ಕೆಲಸಗಾರನನ್ನು ಕರೆಯುವ ಹಾಗೆ ಕರೆದು, ದನಿಯನ್ನು ಆದಷ್ಟು ಬೇಸರದಲ್ಲಿ ಅದ್ದಿ. “ಈ ಸಾಲು ಚೆನ್ನಾಗಿದೆ. ಯಾರೋ ಪ್ರೊಫೆಸರ್ ಕೊನೆಗೂ ಸರಿಯಾಗಿ ಕಲಿತ ಹಾಗಿದೆ.”

“ಎಲ್ಲಿ?” ಅವನು ಮೂಗಿನ ತುದಿಗೆ ಕನ್ನಡಕ ಜಾರಿಸಿ ನೋಡಿದ. ಮುಖ ಅರಳಿತು. “ಪ್ರೊಫೆಸರ್ ಅಂತೆ! ಇದು ನನ್ನದು, ಹಾಗ್ಗಾ. ನನ್ನ ಕೈಕೆಲಸ ನನಗೆ ಗೊತ್ತಾಗಲ್ವಾ?”

“ಹೇಗೆ ಹೇಳ್ತೀಯ?”

“ಈ ಮಧ್ಯದ ಚಿತ್ರ ನೋಡಿ, ಕೆಳಗೊಂದು ಕುಣಿಕೆ ನೇತಾಡ್ತಿದೆ. ಅರ್ಧ ಲೆಕ್ಕ ಹಾಕಿದರೆ ಕುಣಿಕೆನೂ ಲೆಕ್ಕಕ್ಕೆ ಬಂದು ಗಂಟು ಮೇಲಕ್ಕೆ ಹೋಗಿಬಿಡುತ್ತೆ, ಪಕ್ಕದ ಚಿತ್ರಗಳು ಮಾತ್ರ ಕೆಳಗೆ. ಒಂದೇ ಸಾಲಿನಲ್ಲಿ ಏರಿಳಿತ! ಇದನ್ನ ಎತ್ತರ ನೋಡಿ ಕೂರಿಸೋಕಾಗಲ್ಲ, ಗಂಟು ನೋಡಿ ಕೂರಿಸ್ಬೇಕು. ಇಡೀ ಊರಲ್ಲಿ ನಾನೊಬ್ಬನೇ ಮಾಡೋದು ಇದನ್ನ.”

“ಇದು ಸೌಸನಳ ಪ್ರಬಂಧದ ಸಾಲು ತಾನೇ?”

“ಮತ್ತಿನ್ಯಾರದು? ಪ್ರೊಫೆಸರ್ ವಗ್ದಿ ನನ್ನ ಪಕ್ಕ ಕೂತು ಮಾಡಿಸಿದ್ದು. ‘ಹಿಲ್ಮಿ, ಇನ್ನೊಂದು ಕೂದಲೆಳೆ ಮೇಲೆ, ಇದು ಸೌಸನಳ ಮೊದಲನೇ ಪ್ರಬಂಧ, ಮದುವೆ ಹೆಣ್ಣಿನ ಥರ ಕಾಣ್ಬೇಕು’ ಅಂತ ಪ್ರಾಣ ತಿಂದ್ರು. ಈ ಒಂದು ಸಾಲಿಗೇ ಇಡೀ ಮಧ್ಯಾಹ್ನ ಹೋಯ್ತು. ಉಳಿದ ಸಾಲುಗಳನ್ನ ಮುಟ್ಟೋಕೆ ಆಗಿದ್ದು ಮುಂದಿನ ವಾರ.”

ಶಿಳ್ಳೆ ನಿಂತಿತ್ತು. ನಾನು ತಿರುಗಿ ನೋಡಲಿಲ್ಲ.

ಸೌಸನಳ ಮೊದಲನೇ ಪ್ರಬಂಧ. ಸತ್ತ ಮನುಷ್ಯ ತಾನೇ ಬಾಯಿಬಿಟ್ಟು ಹೇಳಿದ ಮಾತು. ಯಾವ ಗುರುವೂ ತನ್ನಿಂದ ಕದ್ದ ಪ್ರಮೇಯವನ್ನು ಕದ್ದವಳ ಹೆಸರಿನಲ್ಲಿ ಸಿಂಗಾರ ಮಾಡಿಸುತ್ತಾ ಕೂರುವುದಿಲ್ಲ. ಈ ಕರಡು ವರ್ಷದ ಹಿಂದಿನದೂ ಅಲ್ಲ: ಹಿಲ್ಮಿ ಈ ಒಂದು ಸಾಲನ್ನು ಎತ್ತಿ, ಉಳಿದವನ್ನು ಇನ್ನೂ ಎತ್ತದೆ ಬಿಟ್ಟ ನಡುವೆ, ಈ ಕಂಪ್ಯೂಟರಿನಿಂದಲೇ ಯಾರೋ ಸೌಸನಳ ಫೈಲು ಕದ್ದು ಹೆಸರು, ತಾರೀಖು ಬದಲಾಯಿಸಿದ್ದಾರೆ. ನನಗೆ ಕುಣಿಯಬೇಕೆನಿಸಿತು. ಹುಡುಗಿ ಬಿಡುಗಡೆಯಾದಳು! ನಾಳೆ ಹಿಲ್ಮಿ ಬಂದು ಇಷ್ಟೇ ಹೇಳಿದರೆ ಸಾಕು.

“ಯಾವತ್ತು ಅದು, ಉಸ್ತಾ? ಪ್ರೊಫೆಸರ್ ಬಂದು ಕೂತದ್ದು?”

“ಮಕ್ನಸಾ ದಿನ. ಹೊರಗೆ ಇದೇ ಗಲಾಟೆ. ಪಾಪ, ಕೊಡೆ ಮುರಿದು ಒದ್ದೆಯಾಗಿ ಬಂದಿದ್ದರು, ನನ್ನ ಟವೆಲ್ ಕೊಟ್ಟು...”

ಅಲ್ಲಿಗೆ ನಿಲ್ಲಿಸಿದ. ತನ್ನ ಬಾಯಿಂದ ಏನು ಬಿತ್ತೆಂದು ಅವನಿಗೂ ನನಗೂ ಒಟ್ಟಿಗೇ ತಿಳಿಯಿತು.

ಮಕ್ನಸಾ ದಿನ ಮುದ್ರಣಾಲಯ ತೆಗೆದೇ ಇರಲಿಲ್ಲವೆಂದು ಪೊಲೀಸರಿಗೆ ಹೇಳಿಕೆ ಕೊಟ್ಟವನು ಹಿಲ್ಮಿ. ತಾನು ಮನೆಯಲ್ಲಿ ಜ್ವರ ಹಿಡಿದು ಮಲಗಿದ್ದೆನೆಂದೂ ಹೇಳಿದ್ದ. ವಗ್ದಿಯವರು ತಮ್ಮ ಕೀಲಿಕೈಯಿಂದ ತೆರೆದು ಒಳಗೆ ಬಂದರು, ಜೊತೆಗಿದ್ದವಳು ಸೌಸನ್ ಒಬ್ಬಳೇ, ಎಂಬ ಪೊಲೀಸರ ಕಥೆ ನಿಂತದ್ದೇ ಆ ಹೇಳಿಕೆಯ ಮೇಲೆ. ನಾನು ಇಡೀ ಮಧ್ಯಾಹ್ನ ತಪ್ಪು ಮನುಷ್ಯನ ಕಡೆಗೆ ಬೆರಳು ತೋರಿಸುತ್ತಿದ್ದೆನೇ? ಫೈಲು ಕದ್ದು ಕರಡನ್ನು ಡ್ರಾಯರಿನಲ್ಲಿ ಇಟ್ಟವನು ಇವನೇ, ಮುಖ್ತಾರ್ ಬರೀ ಸಿಕ್ಕಿದ್ದನ್ನು ಕೊಟ್ಟವರೇ? ಹಿಂಬಾಗಿಲು ಹಿಲ್ಮಿಯ ಬೆನ್ನ ಹಿಂದೆಯೇ ಇತ್ತು. ಅದರಾಚೆ ಆ ಮೆಟ್ಟಿಲು.

“ಜ್ವರ ಅಂದಿದ್ದೆ ನೀನು,” ಎಂದೆ.

“ಅಂದಿದ್ದೆ.”

“ಯಾಕೆ ಹಾಗೆ ಹೇಳಿದೆ?”

ಅವನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. ನೋಡಿದ್ದು ನನ್ನನ್ನಲ್ಲ, ನನ್ನ ಹೆಗಲ ಮೇಲಿಂದ ಶಟರಿನ ಕಡೆಗೆ.

“ಹಾಗ್ಗಾ, ನಿಮ್ಮ ಹುಡುಗಿ ಒಳ್ಳೆಯವಳು. ಬಂದಾಗಲೆಲ್ಲ ನನಗೆ ಲಿವರ್ ಸ್ಯಾಂಡ್‌ವಿಚ್ ತರ್ತಿದ್ದಳು. ನಾಳೆ ನಾನು ಬಂದು ಇದನ್ನ ಹೇಳಿದರೆ ಅವಳು ಹೊರಗೆ ಬರ್ತಾಳೆ. ಅವಳ ಜಾಗಕ್ಕೆ ಯಾರನ್ನ ಹಾಕ್ತಾರೆ, ನೀವೇ ಹೇಳಿ? ನೀವೂ ಇಲಾಖೆಯವರೇ.”

“ತಪ್ಪು ಮಾಡಿಲ್ಲ ಅಂದ್ರೆ ನಿನಗ್ಯಾಕೆ ಭಯ?”

“ನಿಮ್ಮ ಹುಡುಗಿ ಏನು ತಪ್ಪು ಮಾಡಿದ್ದಳು?”

ನಾನು ಕರಡಿನ ಆ ಪುಟವನ್ನು ಅವನ ಮುಂದಕ್ಕೆ ಸರಿಸಿದೆ.

“ನಾನು ಪೊಲೀಸರಿಗೆ ಕೊಟ್ಟಿರೋದು ಒಂದೇ ಮಾತು,” ಎಂದ ಹಿಲ್ಮಿ ನಿಧಾನವಾಗಿ. “ಮಕ್ನಸಾ ದಿನ ನಾನು ಮನೇಲಿದ್ದೆ. ಈ ಸಾಲನ್ನ ನಾನು ನೋಡೇ ಇಲ್ಲ. ಈಗ ಏನೋ ಹೇಳ್ದೆ ಅಂದ್ರೆ, ಗಾಳಿಗೆ ತಲೆಕೆಟ್ಟು ಹೇಳಿರ್ಬೇಕು.”

ನಾನು ಸರಕ್ಕನೆ ತಿರುಗಿದೆ. ಮುಖ್ತಾರ್ ಕೊಡೆ ಕೆಳಗಿಳಿಸಿ ನಿಂತಿದ್ದರು. ನಗು ಮಾಯವಾಗಿತ್ತು. ಅಭಿಮಾನ ಬದಿಗಿಟ್ಟೆ. ಒಂದು ಗಳಿಗೆಯ ಹಿಂದೆ ಯಾರನ್ನು ನೇಣಿಗೇರಿಸಲು ಹೊರಟಿದ್ದೆನೋ ಅವರ ಮುಂದೆಯೇ ಕೈಚಾಚಿದೆ.

“ಡಾಕ್ಟ್ರೇ, ನೀವು ಕೇಳಿಸ್ಕೊಂಡ್ರಿ. ವಗ್ದಿಯವರೇ ಸೌಸನಳ ಪ್ರಬಂಧ ಅಂದರಂತೆ. ಇವನು ಹೇಳದಿದ್ದರೆ ಬೇಡ, ನೀವು ಬನ್ನಿ. ನಿಮ್ಮ ಮಾತಿಗೆ ಬೆಲೆಯಿದೆ. ನಿಮ್ಮ ಮೇಲೆ ಅನುಮಾನ ಪಟ್ಟಿದ್ದಕ್ಕೆ ಕ್ಷಮೆ ಕೇಳ್ತೀನಿ, ಎಲ್ಲರ ಮುಂದೆ ಕೇಳ್ತೀನಿ. ಆ ಹುಡುಗಿಯ ಜೀವ ಉಳಿಸಿ.”

ಅವರು ಹಿಲ್ಮಿಯನ್ನು ನೋಡಿದರು. ಹಿಲ್ಮಿ ಅವರನ್ನು ನೋಡಿದ. ನಾನು ಬಂದಾಗಿನಿಂದ ನಾಯಿ ಬೆಕ್ಕಿನಂತೆ ಕಚ್ಚಾಡುತ್ತಿದ್ದ ಇಬ್ಬರ ನಡುವೆ ಆ ಹೊತ್ತು ಏನು ಹಾದುಹೋಯಿತೋ ನನಗೆ ತಿಳಿಯಲಿಲ್ಲ. ಹಿಲ್ಮಿ ಬಾಯಿಬಿಟ್ಟರೆ, ಫೈಲು ಕದ್ದವರು ಯಾರೆಂಬ ಪ್ರಶ್ನೆ ಮೊದಲು ಹೋಗುವುದು ಆ ಕರಡನ್ನು ಪೊಲೀಸರಿಗೆ ಕೊಟ್ಟವರ ಬಳಿಗೇ ಎಂದು ನನಗೆ ಆಗ ಹೊಳೆಯಿತು.

ಮುಖ್ತಾರ್ ಶಾಲನ್ನು ಸರಿಪಡಿಸಿಕೊಂಡು ಬಂದು, ಮೇಜಿನ ಆಚೆ ಬದಿಯಲ್ಲಿ, ಹಿಲ್ಮಿಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತರು.

“ನನಗೇನೂ ಕೇಳಿಸಲಿಲ್ಲ, ಮದಾಮ್,” ಎಂದರು. “ಹೊರಗೆ ಗಾಳಿ ಜೋರು.”

ಹಿಲ್ಮಿ ಅವರಿಗೂ ಒಂದು ಲೋಟ ಚಹಾ ಬಗ್ಗಿಸಿದ.